ಕಬ್ಬಿನ ಮರೆಯಲ್ಲೊಂದು ನೀಹಾರಿಕೆ

ಮಳವಳ್ಳಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ನಮ್ಮ ದೊಡ್ಡಪ್ಪನ ಊರು. ಅಲ್ಲಿ ಅವರ ಕಬ್ಬಿನ ಗದ್ದೆಗಳ ನಡುವೆ ಒಂದು ಕಣವಿದೆ. ರಾಗಿ, ಹುರುಳಿ ಬಡಿಯುವ ಕಾಲ ಬಿಟ್ಟರೆ ಅದು ಖಾಲಿ. ಕಬ್ಬು ಆಳೆತ್ತರ ದಾಟಿದ ಮೇಲೆ ಆ ಕಣದಲ್ಲಿ ನಿಂತವನಿಗೆ ರಸ್ತೆಯ ಲಾರಿ ಕಾಣುವುದಿಲ್ಲ, ಡಾಬಾದ ಫೋಕಸ್ ಲೈಟು ಕಾಣುವುದಿಲ್ಲ, ಊರಿನ ಬೀದಿದೀಪ ಕಾಣುವುದಿಲ್ಲ. ಕಾಣುವುದು ಮೇಲಿನದು ಮಾತ್ರ. ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆಯ ತಾರಸಿ ಹತ್ತಿದರೆ ನಕ್ಷತ್ರಗಳನ್ನು ಬೆರಳು ಮಡಚಿ ಎಣಿಸಿ ಮುಗಿಸಬಹುದು; ಅದರಲ್ಲೂ ಒಂದೆರಡು ಮೊಬೈಲ್ ಟವರಿನ ದೀಪಗಳಾಗಿರುತ್ತವೆ. ಹಾಗಾಗಿ ಆ ಚಳಿಗಾಲ ನಾನು ಕ್ಯಾಮೆರಾ ಹೊತ್ತುಕೊಂಡು ದೊಡ್ಡಪ್ಪನ ಕಣ ಸೇರಿದೆ.

ನನ್ನ ವೃತ್ತಿ ಮದುವೆಗಳ ಫೋಟೋ ತೆಗೆಯುವುದು. ಉಪವೃತ್ತಿ, ಅದೇ ಮದುವೆಯ ರಿಸೆಪ್ಷನ್ನಿನಲ್ಲಿ ಆರ್ಕೆಸ್ಟ್ರಾದವರು ನೀರು ಕುಡಿಯುವ ಹೊತ್ತಿಗೆ ಮೈಕು ಹಿಡಿದು ಮಿಮಿಕ್ರಿ ಮಾಡುವುದು. ಗಂಡಿನ ಸೋದರಮಾವನನ್ನು ಬೆಳಿಗ್ಗೆ ಒಮ್ಮೆ ಕಾಫಿ ಕೇಳುವಾಗ ಕೇಳಿಸಿಕೊಂಡಿದ್ದರೆ ಸಾಕು, ಸಂಜೆ ಅವರನ್ನು ಅವರಿಗೇ ಒಪ್ಪಿಸಿಬಿಡುತ್ತೇನೆ. ಅವರೂ ನಗುತ್ತಾರೆ, ಫೋಟೋದ ಹಣ ಇನ್ನೂ ಅವರ ಕೈಯಲ್ಲಿರುವುದರಿಂದ ನಾನೂ ಮಿತಿಯಲ್ಲಿರುತ್ತೇನೆ. ಇದರಿಂದ ಆದ ಒಂದೇ ನಷ್ಟವೆಂದರೆ ನನ್ನ ಸ್ವಂತ ದನಿ ಯಾವುದು ಎಂದು ಮನೆಯವರಿಗೆ ಖಾತ್ರಿಯಿಲ್ಲ. ನಿಜವಾಗಿ ಜ್ವರ ಬಂದು ನರಳಿದಾಗ ಅಮ್ಮ, "ಇದು ಯಾರ್ದು?" ಎಂದು ಕೇಳಿದ್ದುಂಟು.

ನಕ್ಷತ್ರಗಳ ಹುಚ್ಚು ಹೇಗೆ ಹಿಡಿಯಿತೆಂಬುದು ದೊಡ್ಡ ಕಥೆಯಲ್ಲ. ಮದುವೆಯಿಲ್ಲದ ತಿಂಗಳುಗಳಲ್ಲಿ ಲೆನ್ಸು ಸುಮ್ಮನೆ ಬಿದ್ದಿರುತ್ತಿತ್ತು, ನಾನೂ ಸುಮ್ಮನೆ ಬಿದ್ದಿರುತ್ತಿದ್ದೆ. ಒಂದು ಹಳೆಯ ಕ್ಯಾಮೆರಾದ ಒಳಗಿದ್ದ, ಕಡುಗೆಂಪನ್ನು ತಡೆಯುವ ಗಾಜನ್ನು ತೆಗೆಸಿದೆ. ಆಕಾಶದ ಮಸುಕು ಮೋಡಗಳು, ಅಂದರೆ ನೀಹಾರಿಕೆಗಳು, ಹೆಚ್ಚಾಗಿ ಹೊಳೆಯುವುದು ಆ ಕೆಂಪಿನಲ್ಲೇ. ಹಾಗೆ ತೆಗೆಸಿದ ಕ್ಯಾಮೆರಾವನ್ನು ಬೇರೆ ಬ್ಯಾಗಿನಲ್ಲಿ ಇಡಬೇಕಿತ್ತು. ಇಡಲಿಲ್ಲ. ಮದ್ದೂರಿನ ಒಂದು ಛತ್ರದಲ್ಲಿ ಗಡಿಬಿಡಿಗೆ ಅದನ್ನೇ ಎತ್ತಿಕೊಂಡು ಧಾರೆಯ ಫೋಟೋ ತೆಗೆದೆ. ಹುಡುಗ, ಹುಡುಗಿ, ಪುರೋಹಿತರು, ತೆಂಗಿನಕಾಯಿ, ಎಲ್ಲವೂ ಬೀಟ್‌ರೂಟ್ ಪಲ್ಯದ ಬಣ್ಣಕ್ಕೆ ತಿರುಗಿದ್ದವು. "ಏನಪ್ಪಾ, ನಮ್ ಉಡ್ಗೀನ ಕುಂಕುಮದ ನೀರ್ನಾಗೆ ಅದ್ದಿ ತಗದಿದ್ದೀಯಾ?" ಎಂದರು ಹುಡುಗಿಯ ತಾಯಿ. ಅಷ್ಟನ್ನೂ ಕಪ್ಪುಬಿಳುಪು ಮಾಡಿ, ಇದು ಈಗಿನ ಫ್ಯಾಷನ್ನು ಎಂದು ಹೇಳಿ ಬಚಾವಾದೆ.

ನಾನು ಬೆನ್ನು ಹತ್ತಿದ್ದ ನೀಹಾರಿಕೆ ವೃಷಭ ರಾಶಿಯ ಕೊಂಬಿನ ತುದಿಯ ಹತ್ತಿರ ಇದೆ. ಬಹಳ ಹಿಂದೆ ಸಿಡಿದು ಸತ್ತ ನಕ್ಷತ್ರವೊಂದರ ಉಳಿಕೆ ಅದು. ಐದಾರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು ಅಗಲ. ಆದರೆ ಬೆಳಕು ಎಷ್ಟು ತೆಳುವೆಂದರೆ ಬರಿಗಣ್ಣಿಗಿರಲಿ, ದೂರದರ್ಶಕಕ್ಕೆ ಕಣ್ಣಿಟ್ಟವನಿಗೂ ಅಲ್ಲಿ ಏನೂ ಇಲ್ಲವೆಂದೇ ಅನಿಸುತ್ತದೆ. ಫೋಟೋದಲ್ಲಿ ಮಾತ್ರ ಸಿಕ್ಕುಸಿಕ್ಕಾದ ಕೆಂಪು ಎಳೆಗಳು ಕಾಣುತ್ತವೆ. ಇಂಗ್ಲಿಷಿನವರು ಅದಕ್ಕೆ ತಮ್ಮ ತಟ್ಟೆಯಲ್ಲಿದ್ದ ಯಾವುದೋ ತಿಂಡಿಯ ಹೆಸರಿಟ್ಟಿದ್ದಾರೆ. ನಾನು ನಮ್ಮ ತಟ್ಟೆ ನೋಡಿಕೊಂಡು ಶಾವಿಗೆ ಎಂದು ಕರೆದುಕೊಂಡೆ.

ಅದನ್ನು ಹಿಡಿಯುವ ಕ್ರಮ ಸರಳ, ಬೇಸರದ್ದು. ಕ್ಯಾಮೆರಾದ ಕೆಳಗೆ ಒಂದು ಪುಟ್ಟ ಮೋಟಾರು. ಭೂಮಿ ತಿರುಗಿದ ಹಾಗೆ ಅದು ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸುತ್ತಾ ನಕ್ಷತ್ರಗಳು ಕದಲದಂತೆ ನೋಡಿಕೊಳ್ಳುತ್ತದೆ. ಒಂದೊಂದು ಫೋಟೋಗೂ ಕೆಲವು ನಿಮಿಷ ಲೆನ್ಸು ತೆರೆದಿಡಬೇಕು. ಹಾಗೆ ರಾತ್ರಿಗೆ ಒಂದಿಷ್ಟು, ರಾತ್ರಿಗೆ ಒಂದಿಷ್ಟು ಎಂದು ಸೇರಿಸುತ್ತಾ ಹೋಗಬೇಕು, ಡೈರಿಗೆ ಹಾಲು ಹಾಕಿದ ಹಾಗೆ. ಆಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೇರಿದರೆ ಸುಳ್ಳು ಚುಕ್ಕೆಗಳು ಅಳಿಸಿಹೋಗಿ ನಿಜವಾಗಿ ಇರುವುದು ಉಳಿಯುತ್ತದೆ. ಚಂದ್ರನಿದ್ದರೆ ಆಗದು, ಪಕ್ಕದಿಂದ ಲೈಟು ಹೊಡೆದರೆ ಆಗದು. ಸಂಕ್ರಾಂತಿ ಕಳೆದ ಮೇಲಿನ ಅಮಾವಾಸ್ಯೆಯ ಆಸುಪಾಸಿನಲ್ಲಿ ಶಾವಿಗೆ ಊಟದ ಹೊತ್ತಿಗೆ ನೆತ್ತಿಯ ಹತ್ತಿರ ಬರುತ್ತದೆ. ಅಷ್ಟೇ ನನಗಿದ್ದ ಅವಕಾಶ. ಮುಂದಿನ ವರ್ಷ ಆ ಗದ್ದೆಗೆ ಭತ್ತ ಎಂದು ದೊಡ್ಡಪ್ಪ ಆಗಲೇ ತೀರ್ಮಾನಿಸಿದ್ದರು. ಭತ್ತ ಮೊಣಕಾಲನ್ನು ಮರೆ ಮಾಡೀತು, ಲಾರಿಯನ್ನಲ್ಲ.

ತೊಂದರೆ ಏನೆಂದರೆ, ಅದೇ ಹೊತ್ತಿಗೆ ದೊಡ್ಡಪ್ಪ ಕಾರ್ಖಾನೆಯ ಕಟಾವು ಪರ್ಮಿಟ್ಟಿಗೆ ಕಾಯುತ್ತಿದ್ದರು. ಪರ್ಮಿಟ್ಟು ಬಂದರೆ ಮಾರನೆಯ ದಿನವೇ ಕಡಿಯುವ ಗ್ಯಾಂಗು ಬರುತ್ತದೆ. ತಡವಾದರೆ ಕಬ್ಬು ಸೂಲಂಗಿ ಬಿಡುತ್ತದೆ, ಅಂದರೆ ಹೂವಾಗುತ್ತದೆ. ಹೂವಾದ ಕಬ್ಬಿನ ಒಳಗು ಬೆಂಡಾಗಿ ತೂಕ ಇಳಿಯುತ್ತದೆ. ಅವರ ಗದ್ದೆಯ ಒಂದು ಮೂಲೆಯಲ್ಲಿ ಬೆಳ್ಳನೆಯ ಗರಿಗಳು ಆಗಲೇ ಇಣುಕಿದ್ದವು. ಆದರೂ ಜಗಲಿ ಮೇಲೆ ಕುಳಿತು ಕೇಳಿ ನೋಡಿದೆ.

"ದೊಡ್ಡಪ್ಪ, ಅಮಾಸೆ ಕಳೆಯೋಗಂಟ ಕಬ್ಬು ಕಡಿಸ್ಬ್ಯಾಡ."

"ಯಾಕ್ಲಾ?"

"ಫೋಟೋ ತೆಗೀಬೇಕು."

"ಯಾರ್ದು?"

"ಮ್ಯಾಲೊಂದು ಸತ್ತೋಗಿರೋ ನಕ್ಷತ್ರ ಅದೆ, ಅದ್ರದ್ದು."

"ಸತ್ತೋಗಿರೋದು ಎಲ್ಲಿಗೆ ಓದಾತು? ಯಾವಾಗ್ ಬೇಕಾದ್ರೂ ತೆಗಿ. ನನ್ ಕಬ್ಬು ಬದುಕದೆ ಕಣ್ಲಾ, ಅದು ಕಾಯಾಕಿಲ್ಲ."

ಈ ವಾದದಲ್ಲಿ ನನಗೆ ತಪ್ಪು ಸಿಗಲಿಲ್ಲ. ಒಳಗಿನಿಂದ ದೊಡ್ಡಮ್ಮ ತಮ್ಮ ಪಾಲಿನದನ್ನು ಸೇರಿಸಿದರು. "ಕತ್ತಲಾಗೆ ಒಬ್ನೆ ಕುಂತಿರ್ತೀಯ. ಕಬ್ಬಿನ್ ಗದ್ದೆ, ಚಿರತೆ ಗಿರತೆ ಬತ್ತದೆ."

"ಬಂದ್ರೆ ಅದ್ರ ದನಿ ಮಾಡಿ ಓಡುಸ್ತೀನಿ ದೊಡ್ಡಮ್ಮ."

"ನಿನ್ ದನಿ ಕೇಳಿ ಗಂಡು ನೋಡಾಕೆ ಅಂತ ಬಂದ್ರೆ ಏನ್ ಮಾಡ್ತೀಯ?"

ನನ್ನ ದನಿಗಳ ಬಗ್ಗೆ ಆ ಮನೆಯಲ್ಲಿ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಹಿಂದೊಮ್ಮೆ ಡೈರಿ ಕಾರ್ಯದರ್ಶಿಯ ದನಿಯಲ್ಲಿ ಫೋನು ಮಾಡಿ, "ಯಜಮಾನ್ರೆ, ಈವತ್ತು ನಿಮ್ ಹಾಲ್ನಾಗೆ ಒಂದು ಮೀನ್ ಮರಿ ಸಿಕ್ತು" ಎಂದಿದ್ದೆ. ದೊಡ್ಡಪ್ಪ ಅಂಗಿ ಹಾಕಿಕೊಳ್ಳದೆ ಡೈರಿಯವರೆಗೂ ಹೋಗಿ ಜಗಳವಾಡಿ ಬಂದಿದ್ದರು. ಅವತ್ತಿನಿಂದ ಫೋನಿನಲ್ಲಿ ಯಾರು ಮಾತಾಡಿದರೂ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದು, ನಗು ಕೇಳಿಸುತ್ತದೆಯೇ ಎಂದು ಕಾಯುತ್ತಿದ್ದರು. ಆ ಸಲ ಸಂಕ್ರಾಂತಿ ಊಟಕ್ಕೆ ಕುಳಿತಾಗ ನಾನು ಕಾರ್ಖಾನೆಯ ಫೀಲ್ಡ್‌ಮ್ಯಾನನ್ನು ಮಾಡಿ ತೋರಿಸಿದೆ. ಸರದಿ ಪ್ರಕಾರ ಪರ್ಮಿಟ್ಟು ಕೊಡುವ, ಗ್ಯಾಂಗು ಕಳಿಸುವ ಮನುಷ್ಯ ಅವರು. ಸುಲಭದ ದನಿ: ಎಡಗೆನ್ನೆಯಲ್ಲಿ ಎಲೆಅಡಿಕೆ, ಪ್ರತಿ ಮಾತಿಗೂ ಮುಂಚೆ "ಅದೇನಾಯ್ತದೆ ಅಂದ್ರೆ". ದೊಡ್ಡಪ್ಪ ನಕ್ಕು ನಕ್ಕು ಸಾರು ನೆತ್ತಿಗೆ ಹತ್ತಿತು. ಕೆಮ್ಮು ನಿಂತ ಕೂಡಲೇ ಕಣ್ಣು ಕಿರಿದು ಮಾಡಿದರು.

"ಇದ್ನ ಫೋನ್ನಾಗೆ ಮಾಡ್ಗೀಡೀಯೆ ಮತ್ತೆ."

"ಇಲ್ಲ ದೊಡ್ಡಪ್ಪ, ಆಣೆ."

"ಈ ಆಣೆ ಯಾರ್ ದನೀಲಿ ಮಾಡ್ದೆ?"

ಚಂದ್ರ ಕರಗುತ್ತಾ ಬಂದ. ನಾನು ದಿನಾ ಸಂಜೆ ಬೈಕಿನಲ್ಲಿ ಹೋಗಿ ಕಣದಲ್ಲಿ ಕೂರತೊಡಗಿದೆ. ಮೋಟಾರಿನ ಅಚ್ಚನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ನಿಲ್ಲಿಸಬೇಕು. ನಮ್ಮ ಸೀಮೆಯಲ್ಲಿ ಧ್ರುವ ನಕ್ಷತ್ರ ಎಷ್ಟು ತಗ್ಗಿನಲ್ಲಿದೆಯೆಂದರೆ ಕಬ್ಬಿನ ತಲೆಯೇ ಅದನ್ನು ಮರೆ ಮಾಡುತ್ತದೆ. ಉತ್ತರಕ್ಕೆ ಗಾಡಿ ದಾರಿಯೊಂದು ಇದ್ದದ್ದರಿಂದ ಅದರ ಸಂದಿಯಲ್ಲಿ ಹೇಗೋ ಸಿಕ್ಕಿತು. ನಾಲೆಯ ನೀರು ಹರಿಯುವ ಸೀಮೆಯ ಮಂಜು ಬೇರೆ. ಲೆನ್ಸಿನ ಮೂತಿಗೆ ಬಿಸಿ ಪಟ್ಟಿ ಸುತ್ತಿ, ಅದರ ಮೇಲೆ ಹಳೆಯ ಕಾಲುಚೀಲ ತೊಡಿಸಿದೆ. ಕತ್ತಲಲ್ಲಿ ನೋಡಿದರೆ ಯಾರದೋ ಕಾಲು ಆಕಾಶಕ್ಕೆ ಚಾಚಿಕೊಂಡಂತೆ ಕಾಣುತ್ತಿತ್ತು. ಮೂರ್ನಾಲ್ಕು ರಾತ್ರಿಗಳದ್ದನ್ನು ಸೇರಿಸಿ ಕಂಪ್ಯೂಟರಿಗೆ ಹಾಕಿದೆ. ನಕ್ಷತ್ರಗಳು ಚೆನ್ನಾಗಿ ಬಂದಿದ್ದವು. ಶಾವಿಗೆ ಇರಬೇಕಾದ ಕಡೆ ಹಂಡೆಯ ತಳದ ಬಣ್ಣ. ಎಷ್ಟು ಎಳೆದಾಡಿದರೂ ಅಷ್ಟೇ. ಬೆಳಕು ಸಾಲದು, ಇನ್ನೂ ಅಷ್ಟೇ ರಾತ್ರಿಗಳು ಬೇಕು. ಅತ್ತ ಗ್ಯಾಂಗು ಪಕ್ಕದ ಊರಿಗೆ ಬಂದಿದೆ ಎಂದು ಸುದ್ದಿ.

ಮಾರನೆಯ ದಿನ ದೊಡ್ಡಪ್ಪ ಮದ್ದೂರಿನಲ್ಲಿದ್ದರು. ನೆಂಟರ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ, ಹಿರಿಯರಾಗಿ ಇವರು ಬೇಕು. ಆ ಮಧ್ಯಾಹ್ನವೇ ಊರಿನಲ್ಲಿ, ಅವರ ಗದ್ದೆಗೆ ಪಡುವಲಿಗಿದ್ದ ಪಕ್ಕದವರ ಕಬ್ಬಿಗೆ ಬೆಂಕಿ ಬಿತ್ತು. ಹೇಗೆ ಬಿತ್ತೋ ಗೊತ್ತಾಗಲಿಲ್ಲ. ಜನ ಸೇರಿ ಹಸಿ ಸೋಗೆಯಲ್ಲಿ ಬಡಿದು, ಬದುವಿನ ಈಚೆಗೆ ದಾಟದಂತೆ ಆರಿಸಿದರು. ದೊಡ್ಡಮ್ಮ ಮಾಡಿದ ಫೋನುಗಳು ದೊಡ್ಡಪ್ಪನ ಜೇಬಿನಲ್ಲೇ ಬಡಿದುಕೊಂಡು ಸುಮ್ಮನಾದವು. ಶಾಸ್ತ್ರ ಮುಗಿಸಿ ಬಸ್ಸಿಗೆ ನಿಂತಾಗ ಬಂದ ಒಂದು ಫೋನನ್ನು ಮಾತ್ರ ಅವರು ಎತ್ತಿದರು. ಕನ್ನಡಕವಿಲ್ಲದೆ ನಂಬರು ಕಾಣುವುದಿಲ್ಲ, ಕನ್ನಡಕ ಅವರು ಹಾಕುವುದಿಲ್ಲ. ಆ ಸಂಭಾಷಣೆಯನ್ನು ಆಮೇಲೆ ಅವರ ಬಾಯಿಂದಲೇ ಕೇಳಿದೆ.

"ಅದೇನಾಯ್ತದೆ ಅಂದ್ರೆ ಯಜಮಾನ್ರೆ, ನಿಮ್ ಪರ್ಮಿಟ್ಟು ಬಂದದೆ, ನಾಳೆ ಗ್ಯಾಂಗು ಕಳುಸ್ಬೇಕಿತ್ತು. ಅಷ್ಟ್ರಾಗೆ ನಿಮ್ ಪಕ್ಕದೋರ ಕಬ್ಗೆ ಬೆಂಕಿ ಬಿದ್ದೋಗದೆ. ಸುಟ್ಟಿರೋ ಕಬ್ಬು ಮೊದ್ಲು ಸಾಗಿಸ್ಬೇಕು, ಇಟ್ರೆ ಕೆಡ್ತದೆ. ನಿಮ್ ಸರದಿ ಅವ್ರಿಗೆ ಕೊಟ್ಟು, ನೀವೊಂದ್ ಹದಿನೈದ್ ದಿನ ತಡ್ಕತೀರಾ ಅಂತ."

ದೊಡ್ಡಪ್ಪ ನಗುವಿಗಾಗಿ ಕಾದರು. ಕೇಳಿಸಲಿಲ್ಲ. ಹುಡುಗ ಈ ಸಲ ಚೆನ್ನಾಗಿ ಅಭ್ಯಾಸ ಮಾಡಿದ್ದಾನೆ ಎಂದು ಆ ದನಿಯನ್ನು ನನ್ನ ಲೆಕ್ಕಕ್ಕೆ ಹಾಕಿಕೊಂಡರು.

"ಬೆಂಕಿನೂ ಹಾಕ್ಬುಟ್ಯಾ? ಬೋ ಚೆನ್ನಾಗದೆ. ತಡ್ಕತೀನಿ ಸ್ವಾಮಿ, ಧಾರಾಳವಾಗಿ ತಡ್ಕತೀನಿ. ಅಮಾಸೆ ಕಳೀಲಿ. ಮ್ಯಾಲಿರೋರೆಲ್ಲ ಒಂದ್ಸಲ ಚೆನ್ನಾಗಿ ನೋಡ್ಕಳ್ಲಿ. ಆಮ್ಯಾಕೆ ಕಡೀಮ. ನನ್ ಕಬ್ಬಲ್ಲ, ಅದು ನಿಮ್ದೇಯ."

ಫೀಲ್ಡ್‌ಮ್ಯಾನು ತಮ್ಮ ಸರ್ವೀಸಿನಲ್ಲಿ ಇಂಥ ಉತ್ತರ ಕೇಳಿರಲಿಲ್ಲವಂತೆ. ಮೊದಲನೆಯ ಮಾತನ್ನು ಗಾಬರಿ ಎಂದುಕೊಂಡರು, ಉಳಿದದ್ದನ್ನು ದೊಡ್ಡತನ ಎಂದುಕೊಂಡರು. ಮ್ಯಾಲಿರೋರು ನೋಡ್ಕಳ್ಲಿ ಎಂದದ್ದನ್ನು ದೇವರ ಮೇಲೆ ಭಾರ ಹಾಕಿದ್ದು ಎಂದು ತಿಳಿದು, ಅದನ್ನೇ ಸುತ್ತಲಿನ ಊರುಗಳಲ್ಲಿ ಹೇಳಿಕೊಂಡು ಬಂದರು.

ಸಂಜೆ ನಾನು ಕಣಕ್ಕೆಂದು ಹೋದವನು ಬೆಂಕಿಯ ವಿಷಯ ಕೇಳಿ ಜಗಲಿಯಲ್ಲೇ ನಿಂತಿದ್ದೆ. ದೊಡ್ಡಪ್ಪ ಬಸ್ಸಿಳಿದು ಗೆದ್ದವರ ಹಾಗೆ ನಡೆದು ಬಂದರು. ಫೋನಿನಲ್ಲಿ ನನ್ನ ಮಿಮಿಕ್ರಿಯನ್ನು ಹಿಡಿದುಬಿಟ್ಟ ಖುಷಿ ಅದು ಎಂದು ಆಮೇಲೆ ತಿಳಿಯಿತು. ಜಗಲಿಯಲ್ಲಿ ಪಕ್ಕದವರು ಒಂದು ಬಾಳೆಗೊನೆ ಇಟ್ಟುಕೊಂಡು ಕೂತಿದ್ದರು. ಮೈಯೆಲ್ಲ ಮಸಿ. ದೊಡ್ಡಪ್ಪನನ್ನು ಕಂಡು ಎದ್ದು ಕೈ ಹಿಡಿದುಕೊಂಡರು.

"ಅಣ್ಣಾ, ನಿನ್ ಉಪಕಾರ ಮರೆಯಾಕಿಲ್ಲ. ಸೂಲಂಗಿ ಬಂದಿರೋ ಕಬ್ಬು ಮಡೀಕಂಡು ಸರದಿ ಬುಟ್ಕೊಟ್ಟೆ. ಯಾರ್ ಕೊಡ್ತಾರೆ?"

ಬೇರೆಯವರ ಮುಖ ನೋಡುವುದು ನನ್ನ ಕಸುಬು. ದೊಡ್ಡಪ್ಪನ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಮೂಗು ಗಾಳಿಯಲ್ಲಿದ್ದ ಸುಟ್ಟ ವಾಸನೆಯನ್ನು ಹಿಡಿಯಿತು. ಕಣ್ಣು ಪಕ್ಕದವರ ಮಸಿಗೆ ಹೋಯಿತು, ಅಲ್ಲಿಂದ ನನಗೆ ಬಂತು, ಮತ್ತೆ ಬಾಳೆಗೊನೆಗೆ ಹೋಗಿ ಅಲ್ಲೇ ನಿಂತಿತು. ಆಮೇಲೆ, ನಾನು ಅವರ ಬಾಯಿಂದ ಎಂದೂ ಕೇಳಿರದ ಒಂದು ತಣ್ಣನೆಯ, ತುಂಬು ದನಿ ಹೊರಬಂತು.

"ಅದ್ಕೇನಂತೆ. ಕಷ್ಟ ಅಂದಾಗ ಕೊಡ್ದೆ ಇರಾಕಾಯ್ತದಾ? ಓಗು, ಮೈ ತೊಳ್ಕಂಡು ಉಣ್ಣೋಗು."

ನಮ್ಮ ವಂಶದಲ್ಲಿ ಮಿಮಿಕ್ರಿ ನನ್ನಿಂದ ಶುರುವಾದದ್ದಲ್ಲ ಎಂದು ಅವತ್ತು ಖಚಿತವಾಯಿತು.

ಪಕ್ಕದವರು ಹೋದ ಮೇಲೆ ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ಮಧ್ಯಾಹ್ನ ಫೋನ್ ಮಾಡಿದ್ಯಾ?"

"ಇಲ್ಲ. ಗುತ್ತಲಲ್ಲಿ ಆಲ್ಬಮ್ ಕೆಲ್ಸ ಮಾಡ್ತಿದ್ದೆ."

"ನಿಜ ಯೋಳು."

"ನಿಜವಾಗ್ಲೂ ಇಲ್ಲ ದೊಡ್ಡಪ್ಪ."

ಅವರು ಜಗಲಿಯ ಕಂಬಕ್ಕೆ ಒರಗಿ ಕೂತು ನಡೆದದ್ದನ್ನು ಹೇಳಿದರು. ದೊಡ್ಡಮ್ಮ ಬಾಳೆಗೊನೆಯನ್ನು ಒಳಗೆ ಎತ್ತಿಡುತ್ತಾ, "ನಮ್ಮನೇಲಿ ಇಂಥಾ ದಾನಿ ಇದ್ದದ್ದು ಇಷ್ಟ್ ವರ್ಸ ಗೊತ್ತೇ ಆಗ್ನಿಲ್ಲ ಕಣಪ್ಪ" ಎಂದರು. ನಾನು ನಗಲಿಲ್ಲ. ನಕ್ಕಿದ್ದರೆ ಕಬ್ಬಿನ ಜೊತೆ ನನ್ನನ್ನೂ ಕಡಿಯುವ ಮುಖ ಅದು. ನನ್ನ ಅಪೇಕ್ಷೆ ನೆರವೇರಿತ್ತು, ಅದೂ ನಾನು ಬಾಯಿ ಬಿಡದೆ.

"ಸರಿ, ಮಾತು ಕೊಟ್ಟಾಯ್ತು," ಎಂದರು ದೊಡ್ಡಪ್ಪ. "ಊರೆಲ್ಲ ಒಗಳ್ತಾವ್ರೆ, ಇನ್ನು ಇಲ್ಲ ಅನ್ನಾಕಾಗಲ್ಲ. ಕಬ್ಬಿನ ತೂಕ ಇಳೀತದೆ, ಇಳೀಲಿ. ಆದ್ರೆ ನೋಡ್ಲಾ, ಇಷ್ಟಾಗಿ ನಿನ್ ಸತ್ತಿರೋದು ಫೋಟೋದಾಗೆ ಬರ್ನಿಲ್ಲ ಅಂದ್ರೆ ನಾನು ಎಲ್ಡ್ ಕಡೆಯಿಂದ್ಲೂ ಪೆದ್ದ ಆಯ್ತೀನಿ."

ಹೀಗೆ ಶಾವಿಗೆಯ ಮೇಲೆ ನನಗಿದ್ದಷ್ಟೇ ಹಟ ಅವರಿಗೂ ಹುಟ್ಟಿತು.

ಆದರೆ ದಾನ ಕೊಟ್ಟವರಿಗೂ ಪಡೆದವರಿಗೂ ಹೊಳೆಯದ ಒಂದು ಸಂಗತಿಯಿತ್ತು. ಪಕ್ಕದವರ ಕಬ್ಬೇ ನನ್ನ ಕಣದ ಪಡುವಲ ಗೋಡೆ. ಗ್ಯಾಂಗು ಬಂದು ಎರಡೇ ದಿನದಲ್ಲಿ ಅದನ್ನು ಬೋಳು ಮಾಡಿತು. ಅವತ್ತು ರಾತ್ರಿ ಕಣದಲ್ಲಿ ನಿಂತರೆ ಡಾಬಾದ ಫೋಕಸ್ ಲೈಟು ಕಾಲುಚೀಲ ತೊಟ್ಟ ಲೆನ್ಸಿನ ಕೆನ್ನೆಗೆ ನೇರವಾಗಿ ಬಡಿಯುತ್ತಿತ್ತು. ತೆಗೆದ ಫೋಟೋಗಳಲ್ಲೆಲ್ಲ ಅರ್ಧ ಆಕಾಶ ಮಜ್ಜಿಗೆ. ಸಪ್ಪೆ ಮುಖ ಹಾಕಿಕೊಂಡು ಹೋಗಿ ಹೇಳಿದೆ. ದೊಡ್ಡಪ್ಪ ಬೈಯಲಿಲ್ಲ. ಅಟ್ಟದಿಂದ ಹುರುಳಿ ಬಡಿಯುವಾಗ ಹಾಸುವ ದೊಡ್ಡ ಟಾರ್ಪಾಲನ್ನು ಇಳಿಸಿ, ಎರಡು ಬಿದಿರು ಗಳ ಹೊತ್ತು ಮುಂದೆ ನಡೆದರು. ಪಡುವಲಿಗೆ ಗಳ ನೆಟ್ಟು ಟಾರ್ಪಾಲು ಬಿಗಿದೆವು. ಟಾರ್ಪಾಲು ಸಾಲದ ಕಡೆ ರಾಗಿ ಹುಲ್ಲಿನ ಕಂತೆ ಪೇರಿಸಿದೆವು. ಕತ್ತಲು ಮತ್ತೆ ಕಣಕ್ಕೆ ಬಂತು.

ಅಂದಿನಿಂದ ದೊಡ್ಡಪ್ಪ ನನ್ನ ಜೊತೆಗೇ ಕೂರತೊಡಗಿದರು. ಅದು ಸಹಾಯವೋ ಕಾವಲೋ ಗೊತ್ತಾಗಲಿಲ್ಲ. ಲೆನ್ಸು ತೆರೆದು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಶುರು.

"ಬಂತಾ?"

"ಇಲ್ಲ ದೊಡ್ಡಪ್ಪ, ಬೆಳಕು ತುಂಬ್ಕತಾ ಅದೆ."

"ಎಲ್ಲದೆ ತೋರ್ಸು."

"ಆ ಹೊಳೆಯೋ ನಕ್ಷತ್ರ ಅದೆಯಲ್ಲ, ಅದ್ರ ಎಡಕ್ಕೆ."

"ಅಲ್ಲೇನೂ ಇಲ್ವಲ್ಲಾ."

"ಏನೂ ಇಲ್ದಿರೋದೇ ಅದು."

ಆಮೇಲೆ ಪಟ್ಟನೆ ಟಾರ್ಚು ಹತ್ತಿತು. ಒಂದು ಫೋಟೋ ಹಾಳು.

"ಆರ್ಸು ದೊಡ್ಡಪ್ಪ."

"ಸದ್ದಾಯ್ತು ಕಣ್ಲಾ. ಹಾವಿದ್ರೆ?"

"ಹಾವು ಕತ್ತಲಲ್ಲಿ ಸುಮ್ನೆ ಕೂತಿರ್ತದೆ. ನೀನೂ ಒಸಿ ಕೂತ್ಕ."

ನಡುವೆ ಎರಡು ರಾತ್ರಿ ಮೋಡ ಕವಿಯಿತು. ಆ ಎರಡೂ ದಿನ ದೊಡ್ಡಪ್ಪ ಆಕಾಶಕ್ಕೆ 'ಲೇ' ಹಚ್ಚಿ ಬೈದರು. ಹಗಲು ಹೊತ್ತು ಗದ್ದೆಯ ಮೂಲೆಯ ಬೆಳ್ಳನೆಯ ಗರಿಗಳು ಮೂಲೆ ಬಿಟ್ಟು ನಡುವಿಗೆ ಹರಡುತ್ತಿದ್ದವು. ಅವರು ಅದನ್ನು ನೋಡಿಯೂ ನೋಡದವರಂತೆ ದಾಟಿ ಹೋಗುತ್ತಿದ್ದರು. ಆಮೇಲೆ ಮೋಡ ಹರಿಯಿತು. ಅಮಾವಾಸ್ಯೆಯೂ ಅದರ ಹಿಂದುಮುಂದಿನ ದಿನಗಳೂ ತೊಳೆದಿಟ್ಟ ಹಾಗೆ ಸಿಕ್ಕವು. ಕೊನೆಯ ಸಂಜೆ, ಎಳೆ ಚಂದ್ರ ದಪ್ಪಗಾಗಿ ಪಡುವಲಿನಲ್ಲಿ ಟಾರ್ಪಾಲಿನ ಮೇಲೆ ಇಣುಕಿದಾಗ, ಸಾಕು ಎಂದು ಕ್ಯಾಮೆರಾ, ಮೋಟಾರು ಬಿಚ್ಚಿ ಚೀಲಕ್ಕೆ ತುಂಬಿದೆ.

ಕಂಪ್ಯೂಟರಿನ ಕೆಲಸ ಗುತ್ತಲಿನಲ್ಲಿ ಮುಗಿಸಿ, ಒಂದು ಇಳಿಹೊತ್ತು ಲ್ಯಾಪ್‌ಟಾಪ್ ಹಿಡಿದು ಬಂದೆ. ಜಗಲಿಯಲ್ಲಿ ದೊಡ್ಡಪ್ಪನ ಜೊತೆ ಪಕ್ಕದವರೂ ಇದ್ದರು. ತೆರೆಯ ಮೇಲೆ ಸಾಸಿವೆ ಚೆಲ್ಲಿದಂತೆ ನಕ್ಷತ್ರಗಳು. ಅವುಗಳ ಹಿಂದೆ, ಮಸುಕಾಗಿ, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ, ಕೆಂಪು ಎಳೆಗಳ ಒಂದು ಉಂಡೆ. ಕೆಳಗಿನ ಅಂಚು ಸರಿಯಾಗಿ ಮೂಡಿರಲಿಲ್ಲ. ನನಗಿಂತ ಚೆನ್ನಾಗಿ ತೆಗೆದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು, ಅಷ್ಟೇ.

ಪಕ್ಕದವರು ಬಗ್ಗಿ ನೋಡಿದರು. "ಇದೇನಪ್ಪ ಇದು, ಕೆಂಪ್ಗೆ?"

"ಒಂದು ನಕ್ಷತ್ರ ಸಿಡಿದು ಸುಟ್ಟೋಗಿತ್ತು ಚಿಕ್ಕಪ್ಪ. ಅದ್ರಲ್ಲಿ ಉಳಿದಿರೋದು."

"ಅಯ್ಯೋ ಪಾಪ," ಎಂದರು ಅವರು, ಸ್ವಂತ ಅನುಭವದಿಂದ. "ಪರಿಹಾರ ಗಿರಿಹಾರ ಏನೂ ಇಲ್ಲ ಅನ್ನು."

ದೊಡ್ಡಪ್ಪ ಬಹಳ ಹೊತ್ತು ನೋಡಿ, ಕೊನೆಗೆ ಕೇಳಿದ್ದು ಒಂದೇ. "ಮೊದಲ್ನೇ ಸಲಕ್ಕೇ ಪರ್ಮಿಟ್ಟು ಒಪ್ಕಂಡು ಕಡಿಸ್ಬುಟ್ಟಿದ್ರೆ ಇದ್ರಾಗೆ ಎಷ್ಟು ಬತ್ತಿತ್ತು?"

ಮೊದಲ ಮೂರ್ನಾಲ್ಕು ರಾತ್ರಿಗಳದ್ದನ್ನು ಮಾತ್ರ ಸೇರಿಸಿದ ಫೋಟೋ ತೆರೆದೆ. ನಕ್ಷತ್ರಗಳಿದ್ದವು. ಹಿಂದೆ ಏನೂ ಇರಲಿಲ್ಲ.

"ಈಗ ಎಲ್ಲಾ ಹಾಕು."

ಎಳೆಗಳು ಬಂದವು.

"ತೆಗಿ."

ಹೋದವು.

"ಹಾಕು."

ನಾಲ್ಕೈದು ಸಲ ಹೀಗೆ ಮಾಡಿಸಿದರು. ಪಕ್ಕದವರು ಇದು ಏನೆಂದು ತಿಳಿಯದೆ ಒಮ್ಮೆ ನನ್ನ ಮುಖ, ಒಮ್ಮೆ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಅವರಿಗೆ ಏನನ್ನೂ ಬಿಡಿಸಿ ಹೇಳಲಿಲ್ಲ. ನಾನೂ ಹೇಳಲಿಲ್ಲ. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವರು ಆಡಿದ ಮಾತು ನನ್ನ ಕೈಗೆ ಸಿಕ್ಕ ಅತ್ಯುತ್ತಮ ಐಟಂ ಆಗಿತ್ತು, ಆದರೂ ಆ ಜಗಲಿಯಲ್ಲಿ ಅದನ್ನು ಮಾಡುವ ಮನಸ್ಸಾಗಲಿಲ್ಲ. ಇಲ್ಲಿ ಬರೆದದ್ದಾಯಿತು. ಕನ್ನಡಕ ಹಾಕದವರು ಓದುವುದಿಲ್ಲ ಎಂಬ ಧೈರ್ಯ.

"ಬಂದದೆ ಬುಡು," ಎಂದು ದೊಡ್ಡಪ್ಪ ಎದ್ದು ಪಂಚೆ ಕೊಡವಿಕೊಂಡರು. "ಓಗಿ ಆ ಟಾರ್ಪಾಲ್ ಬಿಚ್ಕಂಡ್ ಬಾ. ಬೆಳಗಾನೆ ಹುರುಳಿ ಬಡೀಬೇಕು. ನಾಡಿದ್ದು ಗ್ಯಾಂಗು ಬತ್ತದೆ."

"ಯಾರ್ ಯೋಳಿದ್ರು?"

"ಫೀಲ್ಡ್‌ಮ್ಯಾನೇ ಫೋನ್ ಮಾಡಿದ್ದ."

"ಅವ್ರೇ ಅಂತ ಎಂಗ್ ಗೊತ್ತಾಯ್ತು?"

"ನಾನೇ ಅವ್ನ ಮನೆಗಂಟ ಓಗಿ ಕೇಳ್ಕಂಡ್ ಬಂದೆ," ಎಂದು ಹೇಳಿ ಅವರು ಗದ್ದೆಯ ಕಡೆ ಹೊರಟರು. ನಾನು ಲ್ಯಾಪ್‌ಟಾಪ್ ಮುಚ್ಚಿ, ಟಾರ್ಪಾಲು ಬಿಚ್ಚಲು ಅವರ ಹಿಂದೆ ಹೋದೆ.